ಪಿನ್ನಿಲ್ಲದ ಪದಕ

ಇಂಗ್ಲೆಂಡಿನ ಲೀಡ್ಸ್ ನಗರದ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿರುವ ನನ್ನ ಅಕ್ಕನ ಮಗಳು ಕಳೆದ ನವೆಂಬರಿನ ಮೊದಲ ವಾರ ಫೋನ್ ಮಾಡಿದ್ದಳು. ಅಲ್ಲಿಯ ಚಳಿ, ರಾತ್ರಿ ಪಾಳಿ, ಎಷ್ಟು ಹುಡುಕಿದರೂ ಸಿಗದ ಬಿಳಿಜೋಳದ ಹಿಟ್ಟು ಇವೆಲ್ಲದರ ಮಾತು ಮುಗಿದ ಮೇಲೆ ಫೋನ್ ಇಡುವ ಮುನ್ನ ಒಂದು ಸಣ್ಣ ಸಂಗತಿ ಕೇಳಿದಳು. ಆಸ್ಪತ್ರೆಯ ಬಾಗಿಲ ಬಳಿ ವಯಸ್ಸಾದವರೊಬ್ಬರು ರಟ್ಟಿನ ಪೆಟ್ಟಿಗೆಯಲ್ಲಿ, ಯುದ್ಧದಲ್ಲಿ ಸತ್ತ ಸೈನಿಕರ ನೆನಪಿಗೆ ಅಲ್ಲಿಯವರು ಧರಿಸುವ ಪಾಪ್ಪಿ ಎಂಬ ಕೆಂಪು ಕಾಗದದ ಹೂಗಳನ್ನು ಇಟ್ಟುಕೊಂಡು ಕೂತಿರುತ್ತಾರಂತೆ. ಪಕ್ಕದ ಡಬ್ಬಿಗೆ ಕಾಸು ಹಾಕಿದವರಿಗೆ ಒಂದು ಹೂವು, ಒಂದು ಪಿನ್ನು ಕೊಡುತ್ತಾರಂತೆ. ಜೊತೆಗೆ ಕೆಲಸ ಮಾಡುವವರಲ್ಲಿ ಹೆಚ್ಚಿನವರ ಕೋಟಿನ ಮೇಲೆ ಆಗಲೇ ಹೂವು ಬಂದಿದೆ. "ಮಾಮಾ, ನಾ ಹಾಕ್ಕೋಬೇಕೋ ಬ್ಯಾಡೋ? ಹಾಕ್ಕೊಂಡ್ರ ನಾಟಕ ಮಾಡಿದಂಗ ಅನಸ್ತೈತಿ, ಹಾಕ್ಕೊಳ್ಳದಿದ್ರ ಇವರು ಏನ್ ತಿಳ್ಕೋತಾರೋ ಏನೋ."

ನಾನು ಒಡನೆಯೇ ಉತ್ತರ ಕೊಡಲಿಲ್ಲ. ಬೆಳಗಾವಿಯಲ್ಲಿ ಬೆಳೆದವನಿಗೆ ಸೈನಿಕನೆಂದರೆ ಟಿವಿಯಲ್ಲಿ ಕಾಣುವ ದೂರದ ಗಡಿಯ ಮನುಷ್ಯನಲ್ಲ. ಮರಾಠಾ ಲಘು ಪದಾತಿ ದಳದ ತರಬೇತಿ ಕೇಂದ್ರ 1922ರಿಂದ ಈ ಊರಿನಲ್ಲಿದೆ. ನಸುಕಿನಲ್ಲಿ ಕ್ಯಾಂಪಿನ ರಸ್ತೆಯ ಮೇಲೆ ತಲೆಗೂದಲು ಸಣ್ಣಗೆ ಕತ್ತರಿಸಿಕೊಂಡ ಹೊಸ ಜವಾನರ ಸಾಲು ಓಡುತ್ತ ಬಂದರೆ ಹಾಲಿನವನೂ ಪೇಪರಿನವನೂ ಸೈಕಲ್ಲನ್ನು ಬದಿಗೆ ಒಯ್ದು ದಾರಿ ಬಿಡುತ್ತಾರೆ. ಮಿಲಿಟರಿ ಮಹಾದೇವನ ಗುಡಿಯಲ್ಲಿ, ಬೇರೆ ಗುಡಿಗಳಲ್ಲಿ ಗದ್ದಲ ಮಾಡುವವರೂ ತಾವಾಗಿ ದನಿ ತಗ್ಗಿಸುತ್ತಾರೆ. ಆದರೂ ಸೈನಿಕರ ನೆನಪಿನ ಗುರುತನ್ನು ಎದೆಯ ಮೇಲೆ ಹಚ್ಚಿಕೊಳ್ಳುತ್ತೀಯೋ ಇಲ್ಲವೋ ಎಂದು ಇಲ್ಲಿ ನನ್ನನ್ನು ಯಾರೂ ಕೇಳಿದ್ದಿಲ್ಲ. ಕೇಳದೆಯೇ ಹಚ್ಚಿದ್ದರು.

ಮೊದಲು ಆ ಹೂವಿನ ವಿಷಯ. ನಾವು ಅಂಟಿನುಂಡಿಗೆ ಹಾಕುವ ಖಸಖಸಿಯ ಗಿಡಕ್ಕೆ ಅದು ದಾಯಾದಿ, ಅದೇ ಗಿಡವಲ್ಲ. ಅಫೀಮು ಕೊಡುವ ಗಿಡ ಬೇರೆ. ಇದು ಯುರೋಪಿನ ಗೋದಿ ಹೊಲಗಳಲ್ಲಿ ತಾನೇ ಹುಟ್ಟುವ ಕೆಂಪು ಹೂವಿನ ಕಳೆ. ಇದರ ಬೀಜ ವರ್ಷಗಟ್ಟಲೆ ಮಣ್ಣಿನಲ್ಲಿ ಸುಮ್ಮನೆ ಬಿದ್ದಿದ್ದು, ನೆಲವನ್ನು ಯಾರಾದರೂ ಕೆದಕಿದಾಗ ಬೆಳಕು ಕಂಡು ಮೊಳೆಯುತ್ತದೆ. ಮೊದಲ ಮಹಾಯುದ್ಧದಲ್ಲಿ ಬೆಲ್ಜಿಯಮ್ಮಿನ ಫ್ಲಾಂಡರ್ಸ್ ಸೀಮೆಯ ನೆಲವನ್ನು ಕೆದಕಿದ್ದು ನೇಗಿಲಲ್ಲ, ಫಿರಂಗಿಯ ಗುಂಡು ಮತ್ತು ಗೋರಿ ತೋಡುವ ಸಲಿಕೆ. ಕೆನಡಾ ಸೈನ್ಯದ ವೈದ್ಯ ಜಾನ್ ಮೆಕ್ರೇ 1915ರ ಮೇ ತಿಂಗಳಲ್ಲಿ ಈಪ್ರ್ ಪಟ್ಟಣದ ಹತ್ತಿರ ತನ್ನ ಗೆಳೆಯನನ್ನು ಮಣ್ಣು ಮಾಡಿದ ಮೇಲೆ, ಶಿಲುಬೆಗಳ ಸಾಲಿನ ನಡುವೆ ಅರಳಿದ ಈ ಹೂಗಳ ಕುರಿತು ಹದಿನೈದು ಸಾಲಿನ ಕವಿತೆಯೊಂದನ್ನು ಬರೆದ. ಆ ಕವಿತೆಯ ಕೊನೆಯ ಭಾಗದಲ್ಲಿ ಸತ್ತವರು ಬದುಕಿರುವವರಿಗೆ ಶತ್ರುವಿನೊಡನೆ ನಮ್ಮ ಜಗಳವನ್ನು ನೀವು ಮುಂದುವರಿಸಿರಿ ಎಂದು ಹೇಳುತ್ತಾರೆ ಎನ್ನುವುದನ್ನು ಮರೆಯಬಾರದು. ಹೂವಿನ ಬಗ್ಗೆ ಮುಂದೆ ಎದ್ದ ಎಷ್ಟೋ ತಕರಾರುಗಳ ಬೇರು ಅಲ್ಲಿಯೇ ಇದೆ.

ಅಮೆರಿಕದ ಮೊಯ್ನಾ ಮೈಕಲ್ ಎಂಬ ಶಿಕ್ಷಕಿ 1918ರ ನವೆಂಬರಿನಲ್ಲಿ ಆ ಕವಿತೆಯನ್ನು ಓದಿ ಇನ್ನು ಮೇಲೆ ಈ ಹೂವನ್ನು ಧರಿಸುತ್ತೇನೆಂದು ನಿಶ್ಚಯಿಸಿದರು. ಫ್ರಾನ್ಸಿನ ಆನ್ನಾ ಗೆರಾಂ ಬಟ್ಟೆಯ ಹೂ ಮಾಡಿಸಿ ಮಾರಿ ಯುದ್ಧದಿಂದ ಹಾಳಾದ ತಮ್ಮ ದೇಶದ ಅನಾಥ ಮಕ್ಕಳಿಗೆ ಹಣ ಕೂಡಿಸುತ್ತಿದ್ದವರು. ಅವರು 1921ರಲ್ಲಿ ಲಂಡನ್ನಿಗೆ ಹೋಗಿ, ಅದೇ ವರ್ಷ ಹುಟ್ಟಿದ್ದ ಬ್ರಿಟಿಷ್ ಲೀಜನ್ ಎಂಬ ಮಾಜಿ ಸೈನಿಕರ ಸಂಸ್ಥೆಗೆ ಈ ದಾರಿ ತೋರಿಸಿದರು. ಮೊದಲ ಮಹಾಯುದ್ಧ ನಿಂತ ದಿನದ ನೆನಪಿಗೆ ಆ ವರ್ಷದ ನವೆಂಬರ್ 11ಕ್ಕೆ ತರಿಸಿದ್ದ 90 ಲಕ್ಷ ಹೂಗಳೂ ಮುಗಿದು 1,06,000 ಪೌಂಡ್ ಕೂಡಿತು. ಮರುವರ್ಷ ಲಂಡನ್ನಿನಲ್ಲಿ ಕೈಕಾಲು ಕಳೆದುಕೊಂಡ ಮಾಜಿ ಸೈನಿಕರೇ ಕೂತು ಹೂ ಮಾಡುವ ಕಾರ್ಖಾನೆ ಶುರುವಾಯಿತು.

ಇದನ್ನು ಇಷ್ಟು ಉದ್ದಕ್ಕೆ ಹೇಳಲು ಕಾರಣವಿದೆ. ಹೂವು ಸಾರ್ವಜನಿಕರ ಕೈಗೆ ಬಂದದ್ದು ಒಂದು ಪಾವತಿಯಾಗಿ. ಕೆಲಸವಿಲ್ಲದ, ಅಂಗವಿಲ್ಲದ, ಗಂಡನಿಲ್ಲದ, ತಂದೆಯಿಲ್ಲದ ಮನೆಗಳಿಗೆ ಈತ ತನ್ನ ಕೈಲಾದಷ್ಟು ಕೊಟ್ಟಿದ್ದಾನೆ ಎಂಬ ಪಾವತಿ. ಕಾಲ ಸರಿದಂತೆ ಹಣ ಕೊಡುವುದು ಹಿಂದೆ ಸರಿದು, ಧರಿಸುವುದು ಮುಂದೆ ಬಂತು. ಪಾವತಿ ಹೋಗಿ ಹಾಜರಿ ಪುಸ್ತಕವಾಯಿತು.

ನಮ್ಮ ಕಡೆಯೂ ಅದೇ ಆಗಿದೆ. 1949ರ ಆಗಸ್ಟ್ 28ರಂದು ರಕ್ಷಣಾ ಸಚಿವರ ಸಮಿತಿಯೊಂದು ನಿರ್ಣಯಿಸಿದ ಮೇಲೆ ಪ್ರತಿ ಡಿಸೆಂಬರ್ 7ನ್ನು ಸಶಸ್ತ್ರ ಪಡೆಗಳ ಧ್ವಜ ದಿನವೆಂದು ಆಚರಿಸುತ್ತೇವೆ. ಕೆಂಪು, ಕಡುನೀಲಿ, ತಿಳಿನೀಲಿ ಮೂರು ಪಟ್ಟೆಯ ಪುಟ್ಟ ಧ್ವಜ. ಭೂಸೇನೆ, ನೌಕಾಸೇನೆ, ವಾಯುಸೇನೆಗೆ ಒಂದೊಂದು ಬಣ್ಣ. ಕೂಡಿದ ಹಣ ಯುದ್ಧದಲ್ಲಿ ಗಾಯಗೊಂಡವರ ಪುನರ್ವಸತಿಗೆ, ಸತ್ತವರ ಮನೆಯವರಿಗೆ, ಮಾಜಿ ಸೈನಿಕರ ಕಷ್ಟಕ್ಕೆ ಹೋಗುತ್ತದೆ. ಬ್ರಿಟನ್ನಿನ ಹೂವಿಗೂ ನಮ್ಮ ಧ್ವಜಕ್ಕೂ ಮಾಡಬೇಕಾದ ಕೆಲಸ ಒಂದೇ, ಕೆಡುವ ರೀತಿಯೂ ಒಂದೇ.

ನಾನು ಆರನೇ ಇಯತ್ತೆಯಲ್ಲಿದ್ದಾಗ ನಮ್ಮ ಶಾಲೆಗೆ ಆ ಧ್ವಜಗಳ ಹಾಳೆ ಬಂದವು. ಶಾಲೆಯ ಹೆಸರು ಇಲ್ಲಿ ಬೇಡ. ಅದೊಂದೇ ಶಾಲೆಯಲ್ಲಿ ನಡೆದ ಸಂಗತಿಯೂ ಇದಲ್ಲ. ಅಂಚೆಚೀಟಿಯಂತೆ ಸಾಲಾಗಿ ತೂತು ಹೊಡೆದ ಹಾಳೆ, ಒಂದೊಂದು ಮಗುವಿಗೆ ಒಂದೊಂದು ಚೀಟಿ, ನಾಳೆ ಎಲ್ಲರೂ ದುಡ್ಡು ತರಬೇಕು ಎಂದು ಮಾಸ್ತರರ ಅಪ್ಪಣೆ. ನಾನು ವರ್ಗದ ಮಾನಿಟರ್. ಮರುದಿನ ದುಡ್ಡು ತಂದವರ ಅಂಗಿಗೆ ಗುಂಡುಪಿನ್ನಿನಿಂದ ಧ್ವಜ ಚುಚ್ಚುವುದೂ, ತರದವರ ಹೆಸರನ್ನು ಕರಿಹಲಗೆಯ ಮೂಲೆಯಲ್ಲಿ ಬರೆಯುವುದೂ ನನ್ನ ಪಾಲಿನ ಕೆಲಸ. ಕೊನೆಗೆ ಹಲಗೆಯ ಮೇಲೆ ಮೂರು ಹೆಸರು ಉಳಿದವು. ಅದರಲ್ಲೊಂದು, ಕ್ಯಾಂಪಿನ ಆಚೆ ಬಾಡಿಗೆ ಖೋಲಿಯಲ್ಲಿದ್ದ ಒಬ್ಬ ಹುಡುಗನದು. ಅವನ ಅಪ್ಪ ಫೌಜಿನಲ್ಲಿದ್ದ. ಆ ತಿಂಗಳು ಮನಿಯಾರ್ಡರ್ ಬಂದಿರಲಿಲ್ಲ. ಅಷ್ಟು ಹೇಳಿದ್ದರೆ ಮಾಸ್ತರರು ಸುಮ್ಮನಾಗುತ್ತಿದ್ದರೋ ಏನೋ, ಅವನು ಹೇಳಲಿಲ್ಲ. ಉಳಿದಿಬ್ಬರ ಜೊತೆ ಮಧ್ಯಾಹ್ನದ ಗಂಟೆಯವರೆಗೆ ಬಾಗಿಲ ಹೊರಗೆ ನಿಂತ. ಸೈನಿಕರನ್ನು ನೆನೆಯಬೇಕಾದ ದಿನ ಸೈನಿಕನ ಮಗ ಹೊರಗೆ, ಎದೆಯ ಮೇಲೆ ಧ್ವಜ ಚುಚ್ಚಿಕೊಂಡು ಹೆಮ್ಮೆಯಿಂದ ಅವನ ಹೆಸರು ಬರೆದ ನಾನು ಒಳಗೆ. ಆಗ ಅದರಲ್ಲಿ ತಪ್ಪೇನೂ ಕಾಣಲಿಲ್ಲ ಎನ್ನುವುದೇ ಈಗ ನನ್ನನ್ನು ಕಾಡುತ್ತದೆ. ಸಂಜೆ ಅಂಗಿ ಬಿಚ್ಚುವಾಗ ಪಿನ್ನು ಬೆರಳಿಗೆ ಚುಚ್ಚಿ ಒಂದು ಹನಿ ರಕ್ತ ಬಂತು. ಧ್ವಜ ಮರುದಿನ ಒಗೆಯುವ ಕಲ್ಲಿನ ಹತ್ತಿರ ಮುದ್ದೆಯಾಗಿ ಬಿದ್ದಿತ್ತು.

ಬ್ರಿಟನ್ನಿನಲ್ಲಿ ಈ ಒತ್ತಾಯ ಶಾಲೆಯ ಕರಿಹಲಗೆಯಿಂದ ಟಿವಿಯ ಪರದೆಗೆ ಏರಿದೆ. ಅಕ್ಟೋಬರ್ ಮುಗಿಯುವ ಹೊತ್ತಿಗೆ ವಾರ್ತೆ ಓದುವವರಿಂದ ಹಿಡಿದು ಫುಟ್‌ಬಾಲ್ ಆಟಗಾರರವರೆಗೆ ಎಲ್ಲರ ಎದೆಯನ್ನೂ ಜನ ನೋಡತೊಡಗುತ್ತಾರೆ. ಚಾನೆಲ್ 4ರ ವಾರ್ತಾವಾಚಕ ಜಾನ್ ಸ್ನೋ ತಾವು ತೆರೆಯ ಮೇಲೆ ಯಾವ ಗುರುತನ್ನೂ ಧರಿಸುವುದಿಲ್ಲವೆಂದು 2006ರಲ್ಲಿ ಹೇಳಿ, ಹಾಕಿಕೊಳ್ಳಲೇಬೇಕೆಂಬ ಒತ್ತಡವನ್ನು ಹೂವಿನ ಫ್ಯಾಸಿಸಂ ಎಂದು ಕರೆದಾಗ ದೊಡ್ಡ ಗದ್ದಲವಾಯಿತು. ಅವರು ಕ್ಯಾಮೆರಾದ ಹೊರಗೆ ಹೂವು ಧರಿಸುತ್ತಿದ್ದವರು ಎನ್ನುವುದನ್ನು ಕೇಳಿಸಿಕೊಳ್ಳಲು ಗದ್ದಲ ಮಾಡಿದವರಿಗೆ ಪುರುಸೊತ್ತಿರಲಿಲ್ಲ.

ನನ್ನ ಮನಸ್ಸಿನಲ್ಲಿ ಹೆಚ್ಚು ಉಳಿದಿರುವುದು ಜೇಮ್ಸ್ ಮೆಕ್ಲೀನ್ ಎಂಬ ಫುಟ್‌ಬಾಲ್ ಆಟಗಾರನ ಪ್ರಸಂಗ. ಉತ್ತರ ಐರ್ಲೆಂಡಿನ ಡೆರಿ ನಗರದ ಕ್ರೆಗನ್ ಬಡಾವಣೆಯಲ್ಲಿ ಬೆಳೆದವನು. 1972ರ ಜನವರಿ 30ರಂದು ಆ ಊರಿನಲ್ಲಿ ನಾಗರಿಕ ಹಕ್ಕುಗಳಿಗಾಗಿ ಮೆರವಣಿಗೆ ಹೊರಟಿದ್ದ ನಿರಾಯುಧ ಜನರ ಮೇಲೆ ಬ್ರಿಟಿಷ್ ಸೈನಿಕರು ಗುಂಡು ಹಾರಿಸಿ ಅಂದೇ 13 ಮಂದಿ ಸತ್ತಿದ್ದರು; ಅವರಲ್ಲಿ ಕೆಲವರು ಕ್ರೆಗನ್ನಿನವರು. ಮೆಕ್ಲೀನ್ ಇಂಗ್ಲೆಂಡಿನ ವಿಗನ್ ಕ್ಲಬ್ಬಿಗೆ ಆಡುತ್ತಿದ್ದಾಗ, 2014ರ ನವೆಂಬರಿನಲ್ಲಿ, ಹೂವಿನ ಚಿತ್ರವಿರುವ ಅಂಗಿ ತೊಡುವುದಿಲ್ಲವೆಂದು ಕ್ಲಬ್ಬಿನ ಅಧ್ಯಕ್ಷರಿಗೆ ಪತ್ರ ಬರೆದ. ಎರಡು ಮಹಾಯುದ್ಧಗಳಲ್ಲಿ ಸತ್ತವರ ಬಗ್ಗೆ ತನಗೆ ಪೂರ್ಣ ಗೌರವವಿದೆ, ಹೂವು ಅವರಿಗಷ್ಟೇ ಮೀಸಲಾಗಿದ್ದರೆ ತಾನು ವರ್ಷವಿಡೀ ಧರಿಸುತ್ತಿದ್ದೆ, ಆದರೆ ಅದು ಆಮೇಲಿನ ಎಲ್ಲ ಯುದ್ಧಗಳಿಗೂ ಸೇರಿದ್ದು, ಅದನ್ನು ತೊಟ್ಟರೆ ತನ್ನ ಊರಿನ ಸತ್ತವರಿಗೆ ಅಗೌರವ ಮಾಡಿದಂತಾಗುತ್ತದೆ ಎನ್ನುವುದು ಪತ್ರದ ಸಾರ. ಇದಕ್ಕಿಂತ ಸೌಜನ್ಯದಿಂದ ಒಲ್ಲೆನೆನ್ನಲು ಸಾಧ್ಯವೆಂದು ನನಗೆ ತೋರುವುದಿಲ್ಲ. ಆದರೂ ಅವನು ಅಂಕಣಕ್ಕೆ ಇಳಿದಾಗಲೆಲ್ಲ, ವರ್ಷಾನುಗಟ್ಟಲೆ, ಪ್ರೇಕ್ಷಕರಿಂದ ಬೈಗುಳ ತಿಂದ.

ಇದರ ಇನ್ನೊಂದು ಮಗ್ಗುಲನ್ನೂ ಹೇಳದಿದ್ದರೆ ಅನ್ಯಾಯವಾದೀತು. ಅದೇ ಉತ್ತರ ಐರ್ಲೆಂಡಿನ ಎನಿಸ್ಕಿಲನ್ ಪಟ್ಟಣದಲ್ಲಿ 1987ರ ನವೆಂಬರ್ 8ರಂದು, ಯುದ್ಧ ಸ್ಮಾರಕದ ಮುಂದೆ ಈ ಹೂವನ್ನು ಧರಿಸಿ ನಿಂತಿದ್ದವರ ಮೇಲೆ ಬ್ರಿಟಿಷ್ ಆಳ್ವಿಕೆಯ ವಿರುದ್ಧ ಶಸ್ತ್ರ ಹಿಡಿದಿದ್ದ ಐಆರ್‌ಎ ಗುಂಪು ಇಟ್ಟ ಬಾಂಬು ಸಿಡಿದು ಹನ್ನೊಂದು ಮಂದಿ ಅಂದೇ ಸತ್ತರು. ಅವರ ಮನೆಯವರಿಗೆ ಹೂವೆಂದರೆ ಆ ದಿನ. ಒಂದೇ ಹೂವು, ನೂರು ಮೈಲಿ ಕೂಡ ದೂರವಿಲ್ಲದ ಎರಡು ಊರುಗಳಲ್ಲಿ ಹಾಕಿಕೊಳ್ಳುವುದಕ್ಕೂ ಬಿಡುವುದಕ್ಕೂ ಕಾರಣವಾಗಿ ನಿಂತಿದೆ. ಹೊರಗಿನವನು ಬಂದು ಇಬ್ಬರಲ್ಲಿ ಯಾರ ದುಃಖ ಸರಿ ಎಂದು ಪಂಚಾಯ್ತಿ ಮಾಡುವುದಾದರೂ ಹೇಗೆ? ಯುದ್ಧವನ್ನೇ ಒಪ್ಪದವರಿಗಾಗಿ ಸಹಕಾರಿ ಮಹಿಳಾ ಸಂಘದವರು 1933ರಲ್ಲೇ ಬಿಳಿ ಹೂವನ್ನು ತಂದಿದ್ದಾರೆ. ಕೆಂಪನ್ನೂ ಬಿಳಿಯನ್ನೂ ಜೊತೆಯಾಗಿ ಚುಚ್ಚಿಕೊಳ್ಳುವವರೂ ಇದ್ದಾರೆ. ಕೆಂಪು ಹೂವನ್ನು ಹಂಚುವ ಲೀಜನ್ನೇ ಧರಿಸುವುದು ಅವರವರ ಇಚ್ಛೆ, ಒತ್ತಾಯಿಸಿದರೆ ಅದರ ಅರ್ಥವೇ ಕೆಡುತ್ತದೆ ಎಂದು ಹೇಳುತ್ತ ಬಂದಿದೆ. ಎಡಕ್ಕೆ ಚುಚ್ಚಬೇಕೋ ಬಲಕ್ಕೋ ಎಂಬುದಕ್ಕೂ ಅವರಲ್ಲಿ ನಿಯಮವಿಲ್ಲ. ನಿಯಮಗಳನ್ನೆಲ್ಲ ಮಾಡುವವರು ನೋಡುವವರು.

ನೋಡುವವರ ಕಣ್ಣು ಎಂಥದೆಂದು ತಿಳಿಯಲು ಬೆಳಗಾವಿಯವರು ಇಂಗ್ಲೆಂಡಿಗೆ ಹೋಗಬೇಕಾಗಿಲ್ಲ. ನವೆಂಬರ್ 1ರಂದು ಚನ್ನಮ್ಮ ವೃತ್ತದಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಹಳದಿ-ಕೆಂಪಿನ ಆ ಸಮುದ್ರದಲ್ಲಿ ನಾನೂ ಪ್ರತಿವರ್ಷ ಶಲ್ಯ ಹೊದ್ದು ನಿಲ್ಲುತ್ತೇನೆ, ಅದರಲ್ಲಿ ನನಗೆ ಸಂಕೋಚವೇನಿಲ್ಲ. ಅದೇ ದಿನ ಇದೇ ಊರಿನಲ್ಲಿ ಕರಾಳ ದಿನವೆಂದು ಕಪ್ಪು ಪಟ್ಟಿ ಕಟ್ಟಿಕೊಳ್ಳುವವರೂ ಇದ್ದಾರೆ. ಹೀಗಾಗಿ ಏನನ್ನೂ ಹಾಕಿಕೊಳ್ಳದವನ ಮೇಲೆ ಎರಡೂ ಕಡೆಯವರಿಗೆ ಅನುಮಾನ. ನನ್ನ ಜೊತೆ ಕೆಲಸ ಮಾಡುತ್ತಿದ್ದವರೊಬ್ಬರು ಮನೆಯಲ್ಲಿ ಮರಾಠಿ ಮಾತಾಡುವವರು, ಬರೆಯುವ ಕನ್ನಡ ನನ್ನದಕ್ಕಿಂತ ಚೊಕ್ಕ. ಒಂದು ವರ್ಷ ಯಾರೋ ಹುಡುಗರು ಗುಂಪಾಗಿ ಬಂದು, ಅವರು ಬೇಡವೆನ್ನುವ ಮೊದಲೇ ಕೊರಳಿಗೆ ಶಲ್ಯ ಹಾಕಿ, ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡು ಹೋದರು. ಅವರು ಸಂಜೆಯವರೆಗೂ ಅದನ್ನು ತೆಗೆಯಲಿಲ್ಲ. ಮನೆಗೆ ಹೊರಡುವಾಗ ನೀಟಾಗಿ ನಾಲ್ಕು ಮಡಿಕೆ ಮಾಡಿ ಚೀಲದಲ್ಲಿ ಇಟ್ಟುಕೊಳ್ಳುತ್ತ ನನಗೆ ಹೇಳಿದರು: "ನಾ ಎಲ್ಲಾರಕಿಂತ ಮೊದಲ ಹಾಕ್ಕೊಳ್ಳಾಂವ ಇದ್ದೆ ನೋಡ್ರಿ. ಮುಂಜಾನೆ ಮನ್ಯಾಗಿಂದ ಒಂದು ತಂದಿದ್ದೆ. ಈಗ ಅದನ್ನ ಏನ್ ಮಾಡೂದು?" ಅವರ ಚೀಲದಲ್ಲಿ ಹೊಸದೊಂದು ಶಲ್ಯ ಅಂಗಡಿಯ ಕವರಿನಲ್ಲೇ ಇತ್ತು.

ಗೌರವ ಎನ್ನುವುದು ಎಲ್ಲಿ ಮುಗಿಯುತ್ತದೆಂದು ಯಾರಾದರೂ ಕೇಳಿದರೆ ನನಗೆ ನೆನಪಾಗುವುದು ಬಿಚ್ಚದ ಆ ಕವರು. ತಾನಾಗಿ ಹಾಕಿಕೊಳ್ಳುವ ಸಂತೋಷವನ್ನು ಹುಡುಗರು ಅವರಿಂದ ಕಸಿದುಕೊಂಡಿದ್ದರು, ಅದೂ ಅಭಿಮಾನದ ಹೆಸರಿನಲ್ಲಿ. ಆ ಹೊತ್ತಿನಿಂದ ಅವರ ಕೊರಳಲ್ಲಿದ್ದ ಶಲ್ಯ ಅವರ ಮನಸ್ಸಿನ ಬಗ್ಗೆ ಏನನ್ನೂ ಹೇಳುವಂತಿರಲಿಲ್ಲ. ಹೂವಾಗಲಿ ಧ್ವಜವಾಗಲಿ, ಬಿಟ್ಟರೂ ಯಾರೂ ಕೇಳುವುದಿಲ್ಲ ಎಂಬ ಧೈರ್ಯವಿರುವ ಕಡೆ ಮಾತ್ರ ಹಾಕಿಕೊಂಡದ್ದಕ್ಕೆ ಬೆಲೆ. ಇಷ್ಟು ಹೇಳಿದ ಮೇಲೆ ಒಂದು ಕೊಂಕನ್ನೂ ಸೇರಿಸುತ್ತೇನೆ: ತಾನು ಏಕೆ ಹಾಕಿಕೊಂಡಿಲ್ಲ ಎಂದು ಕೇಳದವರಿಗೂ ಅರ್ಧ ತಾಸು ವಿವರಿಸುವ ಮನುಷ್ಯನೂ ನನಗೆ ಅಷ್ಟೇ ಬೇಸರ ತರಿಸುತ್ತಾನೆ. ಅವನು ತನ್ನ ಖಾಲಿ ಎದೆಯನ್ನೇ ಬಿಲ್ಲೆಯಾಗಿ ಹಚ್ಚಿಕೊಂಡಿರುತ್ತಾನೆ.

ನಮ್ಮ ಸೀಮೆಯಲ್ಲಿ ಸತ್ತ ವೀರರನ್ನು ನೆನೆಯುವ ಹಳೆಯ ಕ್ರಮದಲ್ಲಿ ಧರಿಸುವುದೆಂಬುದು ಇದ್ದಂತೆ ಕಾಣುವುದಿಲ್ಲ. ಊರಿಗೊಂದಾದರೂ ವೀರಗಲ್ಲು ಇರುತ್ತದೆ: ಕೆಳಗಿನ ಪಟ್ಟಿಕೆಯಲ್ಲಿ ಕಾದಾಡುವವನು, ನಡುವೆ ಅವನನ್ನು ಎತ್ತಿ ಒಯ್ಯುವ ಅಪ್ಸರೆಯರು, ಮೇಲೆ ಲಿಂಗದ ಸನ್ನಿಧಿ, ಅದರಾಚೆ ಸೂರ್ಯಚಂದ್ರ. ನಮ್ಮ ಹಳ್ಳಿಯ ಕಲ್ಲಿನ ಮೇಲೆ ಬರಹವಿಲ್ಲ, ಯಾರದೆಂದು ಯಾರಿಗೂ ತಿಳಿಯದು. ಹೊಲಕ್ಕೆ ಹೋಗುವ ಹೆಂಗಸರು ಮನಸ್ಸು ಬಂದ ದಿನ ಒಂದು ಹೂವನ್ನು ಇಟ್ಟು ಹೋಗುತ್ತಾರೆ, ಬಾರದ ದಿನ ಹಾಗೇ ದಾಟಿ ಹೋಗುತ್ತಾರೆ. ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ಬ್ರಿಟಿಷರು ಗಲ್ಲಿಗೇರಿಸಿದ ನಂದಗಡದ ಆಲದ ಮರದ ಹತ್ತಿರ ಮಕ್ಕಳಾಗಲೆಂದು ತೊಟ್ಟಿಲು ಕಟ್ಟಿ ಬರುವ ತಾಯಂದಿರಿದ್ದಾರೆ. ಇವರು ನೆನಪನ್ನು ಒಂದು ಜಾಗದಲ್ಲಿ ಇಟ್ಟು ಬರುತ್ತಾರೆ, ಮೈಮೇಲೆ ಹೊತ್ತು ತಿರುಗುವುದಿಲ್ಲ. ಇನ್ನು ಮೈಮೇಲೆಯೇ ಇರಬೇಕಾದ ಇಷ್ಟಲಿಂಗವನ್ನು ನಮ್ಮ ಮನೆಯ ಹಿರಿಯರೆಲ್ಲ ಅಂಗಿಯ ಒಳಗೇ ಧರಿಸಿದ್ದನ್ನು ನೋಡಿದವನು ನಾನು.

ಈಗ ಮುತ್ಯಾನ ವಿಷಯಕ್ಕೆ ಬರಬೇಕು, ಏಕೆಂದರೆ ಅಕ್ಕನ ಮಗಳ ಪ್ರಶ್ನೆಗೆ ನಾನು ಉತ್ತರ ಹುಡುಕಿದ್ದು ಅವನ ಟ್ರಂಕಿನಲ್ಲಿ. ನನ್ನ ತಾಯಿಯ ತಂದೆ ಎರಡನೇ ಮಹಾಯುದ್ಧದಲ್ಲಿ ಫೌಜಿನ ಲಾರಿ ಹೊಡೆಯುತ್ತ ಈಜಿಪ್ತಿನ ಮೂಲಕ ಇಟಲಿಯವರೆಗೆ ಹೋಗಿ ಬಂದವನು. ಆ ಯುದ್ಧಕ್ಕೆ ಹಿಂದುಸ್ತಾನದಿಂದ ಸೇರಿದವರು 25 ಲಕ್ಷ, ಸತ್ತವರು ಸುಮಾರು 87 ಸಾವಿರ. ಅದರ ಹಿಂದಿನ ಯುದ್ಧದಲ್ಲಿ ಸತ್ತವರು ಸುಮಾರು 74 ಸಾವಿರ. ಇಟಲಿಯಲ್ಲಿ ಮರಾಠಾ ಲಘು ಪದಾತಿಯ ಯಶವಂತ ಘಾಡಗೆ 1944ರಲ್ಲಿ, ನಾಮದೇವ ಜಾಧವ 1945ರಲ್ಲಿ ತೋರಿದ ಶೌರ್ಯಕ್ಕೆ ಬ್ರಿಟಿಷರ ಅತಿ ದೊಡ್ಡ ಶೌರ್ಯ ಪದಕವಾದ ವಿಕ್ಟೋರಿಯಾ ಕ್ರಾಸ್ ಬಂತು. ಘಾಡಗೆ ಅಲ್ಲಿಂದ ಮರಳಲಿಲ್ಲ. ಮುತ್ಯಾ ಮರಳಿದ. ಅವನ ತಮ್ಮ, ನಮ್ಮ ಸಣ್ಣಮುತ್ಯಾ, ಅಣ್ಣ ಅತ್ತ ಬ್ರಿಟಿಷರ ಲಾರಿ ಹೊಡೆಯುತ್ತಿದ್ದ ಹೊತ್ತಿನಲ್ಲೇ 1942ರ ಚಳವಳಿಗೆ ಸೇರಿ ಬ್ರಿಟಿಷರ ಹಿಂಡಲಗಾ ಜೈಲಿನಲ್ಲಿ ಕೂತಿದ್ದ. ಅಣ್ಣತಮ್ಮಂದಿರ ನಡುವೆ ಇದಕ್ಕಾಗಿ ಒಂದು ದಿನವೂ ಮಾತು ಬಂದದ್ದನ್ನು ಯಾರೂ ಕೇಳಿಲ್ಲ. ಜಗಳವಾದದ್ದು ಬಾವಿಯ ನೀರಿಗೆ.

1972ರಲ್ಲಿ ಸರ್ಕಾರ ಸ್ವಾತಂತ್ರ್ಯ ಹೋರಾಟಗಾರರಿಗೆ ತಾಮ್ರಪತ್ರ ಕೊಟ್ಟಾಗ ಸಣ್ಣಮುತ್ಯಾನಿಗೂ ಬಂತು, ಪಿಂಚಣಿಯೂ ಬಂತು. ತಾಮ್ರಪತ್ರಕ್ಕೆ ಚೌಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದರು. ಯುದ್ಧ ಮುಗಿದೊಡನೆ ಬಿಡುಗಡೆಯಾಗಿ ಬಂದ ಮುತ್ಯಾನಿಗೆ ಪಿಂಚಣಿ ಇರಲಿಲ್ಲ. ಅವನಿಗೆ ಬಂದದ್ದು ಸಣ್ಣ ಪೆಟ್ಟಿಗೆಯಲ್ಲಿ ಆರು ಮೂಲೆಯ ಎರಡು ಹಿತ್ತಾಳೆ ಬಣ್ಣದ ನಕ್ಷತ್ರ, ಬೇರೆಯಾಗಿ ಮಡಿಚಿಟ್ಟ ಎರಡು ತುಂಡು ರಿಬ್ಬನ್ನು. ಆಯಿ ಪ್ರತಿ ದೀಪಾವಳಿಗೆ ಸಮೆ, ಆರತಿ ತಟ್ಟೆಗಳ ಜೊತೆ ನಕ್ಷತ್ರಗಳನ್ನೂ ಹುಣಸೆಹುಳಿ ಹಚ್ಚಿ ತಿಕ್ಕುತ್ತಿದ್ದಳು. ಹಾಗೆ ತಿಕ್ಕಿ ತಿಕ್ಕಿ ನಡುವಿನ ರಾಜನ ಅಕ್ಷರಗಳು ಸವೆದು ಈಗ ಬೆರಳಿಗಷ್ಟೇ ತಿಳಿಯುತ್ತವೆ. ರಿಬ್ಬನ್ನುಗಳಲ್ಲಿ ಒಂದು ಇಟಲಿಯದು, ಕೆಂಪು, ಬಿಳಿ, ಹಸಿರು ಪಟ್ಟೆಯದು. ಇನ್ನೊಂದರಲ್ಲಿ ಕಡುನೀಲಿ, ಕೆಂಪು, ತಿಳಿನೀಲಿ. ಆ ಬಣ್ಣಗಳನ್ನು ನಾನು ಎಷ್ಟೋ ಸಲ ನೋಡಿದ್ದರೂ, ನಮ್ಮ ಧ್ವಜ ದಿನದ ಚೀಟಿಯ ಬಣ್ಣಗಳೂ ಅವೇ ಎಂದು ಹೊಳೆದದ್ದು ಫೋನ್ ಬಂದ ಆ ರಾತ್ರಿ. ಅಲ್ಲಿಯೂ ಮೂರು ಬಣ್ಣ ಮೂರು ಪಡೆಗಳಿಗೆ.

ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ಆಗಸ್ಟ್ 15ಕ್ಕೆ ಹಳ್ಳಿಯ ಶಾಲೆಯವರು ಅಣ್ಣತಮ್ಮ ಇಬ್ಬರನ್ನೂ ವೇದಿಕೆಗೆ ಕರೆದರು. ಸಣ್ಣಮುತ್ಯಾ ಖಾದಿ ಅಂಗಿ, ಟೊಪ್ಪಿಗೆಯಲ್ಲಿ ಬಂದ. ಮುತ್ಯಾ ಎಂದಿನಂತೆ ಧೋತರ, ರುಮಾಲು. ಹೆಡ್‌ಮಾಸ್ತರರಿಗೆ ನಿರಾಶೆಯಾಯಿತು. "ಪದಕ ಹಾಕ್ಕೊಂಡ ಬರ್ರಿ ಅಂತ ಹೇಳಿ ಕಳಿಸಿದ್ದೆವಲ್ರೀ ಯಜಮಾನ್ರ. ಯಾಕ ಹಾಕ್ಕೊಂಡಿಲ್ಲ?" ಎಂದು ಮೈಕಿನ ಹತ್ತಿರವೇ ಕೇಳಿದರು. ಮುತ್ಯಾ ಒಂದು ಗಳಿಗೆ ಯೋಚಿಸಿ, "ಅದಕ್ಕ ಪಿನ್ನ ಇಲ್ರಿ" ಎಂದ. ಜನ ನಕ್ಕರು. ನಾನು ನಾಚಿಕೊಂಡೆ. ಅದು ಹಾರಿಕೆಯ ಮಾತಲ್ಲ, ನಿಜವಾಗಿಯೂ ಪಿನ್ನಿರಲಿಲ್ಲ. ಆ ಪದಕಗಳು ಬರುತ್ತಿದ್ದುದೇ ಹಾಗೆ, ರಿಬ್ಬನ್ನು ಬೇರೆ, ನಕ್ಷತ್ರ ಬೇರೆ, ಧರಿಸಬೇಕೆನ್ನುವವನು ತಾನೇ ಹೊಲಿಸಿಕೊಳ್ಳಬೇಕು. ನಲವತ್ತು ವರ್ಷದಲ್ಲಿ ಅವನು ಹೊಲಿಸಿರಲಿಲ್ಲ. ಏಕೆಂದು ನಾವ್ಯಾರೂ ಕೇಳಲಿಲ್ಲ, ಅವನು ಹೇಳಲೂ ಇಲ್ಲ. ಟ್ರಂಕಿನ ಕೀಲಿ ಮಾತ್ರ ಸಾಯುವವರೆಗೂ ಅವನ ಉಡಿದಾರದಲ್ಲಿತ್ತು.

ನಮ್ಮವರ ನೆನಪಿಗೂ ಈಗೀಗ ಹೂಗಳು ಬಂದಿವೆ. ಮೊದಲ ಮಹಾಯುದ್ಧದ ಶತಮಾನೋತ್ಸವದ ಸುಮಾರಿಗೆ ದೆಹಲಿಯ ಯುನೈಟೆಡ್ ಸರ್ವಿಸ್ ಇನ್‌ಸ್ಟಿಟ್ಯೂಷನ್ ಎಂಬ ಸೈನಿಕ ಅಧ್ಯಯನ ಸಂಸ್ಥೆಯವರು ಭಾರತೀಯ ಸೈನಿಕರ ಸ್ಮರಣೆಗೆ ಚೆಂಡುಹೂವನ್ನು ಮುಂದಿಟ್ಟರು. ದಸರೆಗೆ ಬೆಳಗಾವಿಯ ಪೇಟೆಯಲ್ಲಿ ಗುಡ್ಡೆ ಹಾಕಿ ಮಾರುವ ಹೂವು ಅದು. ನಮಗೆ ಯಾರೂ ಪರಿಚಯ ಮಾಡಿಕೊಡಬೇಕಾಗಿಲ್ಲ. 2018ರಲ್ಲಿ ಬ್ರಿಟನ್ನಿನ ಲೀಜನ್ನು ಹಿಂದುಸ್ತಾನದ ಸೈನಿಕರ ಗೌರವಕ್ಕೆಂದು ಖಾದಿಯ ಕೆಂಪು ಹೂವನ್ನೇ ಹೊರತಂದಿತು. ಬ್ರಿಟಿಷರನ್ನು ಹೊರಹಾಕಲು ನೂತ ಬಟ್ಟೆಯಲ್ಲಿ, ಬ್ರಿಟಿಷರಿಗಾಗಿ ಸತ್ತವರ ಹೂವು! ಓದಿದಾಗ ನನಗೆ ನಗು ಬಂತು. ಆಮೇಲೆ ನಮ್ಮ ಪಡಸಾಲೆಯ ತಾಮ್ರಪತ್ರವೂ ಅದರ ಕೆಳಗೇ ಇರುವ ಟ್ರಂಕೂ ಕಣ್ಣಿಗೆ ಬಿದ್ದು ಸುಮ್ಮನಾದೆ.

ಎರಡು ದಿನ ಬಿಟ್ಟು ನಾನೇ ಅವಳಿಗೆ ಫೋನ್ ಮಾಡಿದೆ. ಡಬ್ಬಿಗೆ ಮೊದಲು ಕಾಸು ಹಾಕು, ಹೂವಿನ ವಿಷಯ ಆಮೇಲೆ ನೋಡಿಕೊಂಡರಾಯಿತು ಎಂದೆ. ನಿನ್ನ ಮುತ್ತಜ್ಜ ಎರಡನೇ ಮಹಾಯುದ್ಧಕ್ಕೆ ಹೋದವನು, ಅದನ್ನು ಧರಿಸಲು ನಿನಗೆ ಅಲ್ಲಿಯವರಷ್ಟೇ ಹಕ್ಕಿದೆ, ಧರಿಸದಿರಲು ಅವರಿಗಿಂತ ಹೆಚ್ಚು ಕಾರಣ ಬೇಕಿದ್ದರೂ ಮನೆಯಲ್ಲೇ ಸಿಕ್ಕುತ್ತದೆ, ಯಾವುದನ್ನು ಮಾಡಿದರೂ ಯಾರಿಗೂ ವಿವರಣೆ ಕೊಡಬೇಕಾಗಿಲ್ಲ ಎಂದೆ. ಅವಳು ನಕ್ಕು, "ಮಾಮಾ, ನೀ ಇಷ್ಟ ಯೋಚನೆ ಮಾಡೂತನಾ ನಾ ನಿನ್ನೆನ ರೊಕ್ಕ ಹಾಕಿ ತಗೊಂಡೆ. ವಾರ್ಡಿನ್ಯಾಗ ಪಿನ್ ಚುಚ್ಚಿಕೊಳ್ಳಾಕ ಬಿಡಂಗಿಲ್ಲ. ಬ್ಯಾಗಿನ್ಯಾಗ ಐತಿ" ಎಂದಳು. ಹನ್ನೊಂದನೆಯ ತಾರೀಖು ಹನ್ನೊಂದು ಗಂಟೆಗೆ ಎರಡು ನಿಮಿಷ ವಾರ್ಡಿನಲ್ಲಿ ಎಲ್ಲರೂ ನಿಂತರಂತೆ, ಹೂವಿದ್ದವರೂ ಇಲ್ಲದವರೂ. ಹಾಸಿಗೆಯಲ್ಲಿದ್ದ ಮುದುಕರೊಬ್ಬರು ಮಾತ್ರ ನಿದ್ದೆ ಮಾಡುತ್ತಿದ್ದರು, ಎಬ್ಬಿಸಲಿಲ್ಲ ಎಂದು ಆಮೇಲೆ ತಿಳಿಸಿದಳು.

ಸಂಕ್ರಾಂತಿಗೆ ಅವಳು ರಜೆ ಹಾಕಿ ಊರಿಗೆ ಬಂದಳು. ಚೀಲ ಬಿಚ್ಚಿ ಚಾಕಲೇಟು, ಸ್ವೆಟರು ತೆಗೆಯುತ್ತಿದ್ದಾಗ ಕಾಗದದ ಹೂವೂ ಹೊರಬಂತು, ಸ್ವಲ್ಪ ಮುದುಡಿತ್ತು. ಅವ್ವ ಕನ್ನಡಕ ಏರಿಸಿಕೊಂಡು ನೋಡಿದಳು.

"ಇದ್ಯಾವ ಹೂವs ಯವ್ವಾ?"

"ಖಸಖಸಿ ಜಾತೀದು, ಆಯಿ. ಯುದ್ಧದಾಗ ಸತ್ತವರ ನೆನಪಿಗೆ ಹಾಕ್ಕೋತಾರ ಅಲ್ಲಿ."

"ದೇವರಿಗಿ ನಡೀತೈತೇನು?"

ನಮ್ಮಿಬ್ಬರಿಗೂ ಅದಕ್ಕೆ ಉತ್ತರ ಗೊತ್ತಿರಲಿಲ್ಲ. ಅವ್ವ ಹೂವನ್ನು ಜಗಲಿಯ ಮೇಲೆ ಇಡಲಿಲ್ಲ. ಟ್ರಂಕು ತೆಗೆಸಿ, ನಕ್ಷತ್ರಗಳ ಪೆಟ್ಟಿಗೆಯ ಮುಚ್ಚಳ ತೆರೆದು, ರಿಬ್ಬನ್ನಿನ ಪಕ್ಕಕ್ಕೆ ಇಟ್ಟಳು. ಮುಚ್ಚುವ ಮೊದಲು ಏನೋ ನೆನಪಾದವಳಂತೆ ಮತ್ತೆ ಹೂವನ್ನು ಎತ್ತಿ, ಅದರ ದೇಟಿಗೆ ಸಿಕ್ಕಿಸಿದ್ದ ಪಿನ್ನನ್ನು ಹುಷಾರಾಗಿ ಎಳೆದುಕೊಂಡು, "ಪಿನ್ನ ಛಲೋ ಐತಿ, ಯಾಕ ಜಂಗ ಹಿಡಿಸೂದು" ಎಂದು ತನ್ನ ಸೆರಗಿಗೆ ಚುಚ್ಚಿಕೊಂಡಳು.